‘ಬಾ’ ಎಂಬ ಪುಟ್ಟ ಪದಕ್ಕೆ ಬೇರೆ ಭಾಷೆಗಳಲ್ಲಿ ಏನರ್ಥ?
ನಾವು ‘ಬಾ’ ಎಂದು ಯಾರನ್ನಾದರೂ ಕರೆಯುತ್ತೇವೆ. ಗುಜರಾತಿಯಲ್ಲಿ ಅದು ಅಮ್ಮ. ಗಾಂಧೀಜಿಯ ಪತ್ನಿ ಕಸ್ತೂರಬಾ ಎಲ್ಲರಿಗೂ ‘ಬಾ’ ಆದದ್ದು ಹಾಗೆ. ವಿಯೆಟ್ನಾಮಿನಲ್ಲಿ ಮೂರು. ಫ್ರೆಂಚಿನಲ್ಲಿ ತಗ್ಗು. ಬರೆಯುವಾಗ ಕೊನೆಗೊಂದು ಎಸ್ ಇರುತ್ತದೆ, ಸುಮ್ನೆ, ಬಾಯಲ್ಲಿ ಬರುವುದಿಲ್ಲ.

ಜಾಸ್ತಿ ಮಜಾ ಇರುವುದು ಚೀನಾದ ಮ್ಯಾಂಡರಿನ್‌ನಲ್ಲಿ. ದನಿಯನ್ನು ಎತ್ತರದಲ್ಲೇ ಸಮನಾಗಿ ಎಳೆದರೆ ಎಂಟು. ಗದರಿಸುವ ಹಾಗೆ ಮೇಲಿನಿಂದ ಥಟ್ಟನೆ ಇಳಿಸಿದರೆ ಅಪ್ಪ. ನಮ್ಮ ಕಿವಿಗೆ ಎರಡೂ ಒಂದೇ, ಅಲ್ವಾ?

ಈ ಅರ್ಥಗಳಿಗೆ ನಂಟಿಲ್ಲ. ತುಟಿ ಮುಚ್ಚಿ ತೆರೆದರೆ ಸಾಕು, ಈ ಸದ್ದು ಬರುತ್ತದೆ. ಅಷ್ಟು ಸುಲಭದ್ದನ್ನು ಯಾವ ಭಾಷೆ ಬಿಡುತ್ತದೆ! ಮಗುವಿನ ಬಾಯಿಗೆ ಬೇಗ ಸಿಗುವುದರಿಂದ ಅಪ್ಪ, ಅಮ್ಮಂದಿರಿಗೂ ಅಂಟಿಕೊಂಡಿದೆ. ನಮ್ಮ ‘ಬಾ’ಗೆ ನಿಜವಾದ ಒಡಹುಟ್ಟು ಬೇಕೆಂದರೆ ತಮಿಳಿನ ‘ವಾ’ ಇದೆ.