ಲಿಂಬೆಯಲ್ಲಿ ಗಂಡು ಗಿಡ ಅಂತ ಇಲ್ಲ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ನವನಗರ. ಹಿತ್ತಲಿನ ಲಿಂಬೆ ಮೂರು ವರ್ಷದಲ್ಲಿ ಆಳೆತ್ತರ ದಾಟಿದೆ. ಮೈತುಂಬ ಮುಳ್ಳು, ಒಂದು ಹೂವೂ ಇಲ್ಲ. ಇದು ಗಂಡು ಗಿಡ, ಕಡಿಸಿಬಿಡಿ ಎಂದು ಗಿಡ ಮಾರುವವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮಳೆಗಾಲ ಬಂದರೆ ಸಾಕು, ಇದೇ ಪ್ರಶ್ನೆ. ಪಪ್ಪಾಯಿಯ ಹಾಗೆ ಲಿಂಬೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುವುದಿಲ್ಲ. ಹಾಗೆ ಹೇಳುವವರಿಗೆ ನಿಮಗೆ ಇನ್ನೊಂದು ಗಿಡ ಮಾರಬೇಕಿದೆ, ಅಷ್ಟೇ. ಕೊಡಲಿ ಎತ್ತುವ ಮೊದಲು ಬೊಡ್ಡೆ ನೋಡಿ.

ಬೀಜದಿಂದ ಎದ್ದ ಗಿಡ ಎಳೆತನದಲ್ಲಿ ಹೀಗೇ. ಭರದಿಂದ ಬೆಳೆಯುತ್ತದೆ, ಉದ್ದ ಮುಳ್ಳು ಬಿಡುತ್ತದೆ, ಕಾಯಿಗೆ ನಾಲ್ಕೈದು ವರ್ಷ ಕಾಯಿಸುತ್ತದೆ. ಸುಮ್ನೆ ನೆತ್ತಿ ಸವರಬೇಡಿ. ಸವರಿದಷ್ಟೂ ಮುಳ್ಳಿನ ಚಿಗುರೇ ಜಾಸ್ತಿ, ಕಾಯಿ ಇನ್ನೂ ತಡ.

ಕಸಿ ಗಿಡವಾದರೆ ಬೊಡ್ಡೆಯಲ್ಲಿ ಒಂದು ಗಂಟು ಕಾಣುತ್ತದೆ, ಅಲ್ವಾ? ಅದರ ಕೆಳಗಿರುವುದು ಬೇರೆಯದೇ ಗಿಡ. ಹೆಚ್ಚಾಗಿ ಜಂಬೇರಿ, ಇಲ್ಲವೇ ರಂಗಪುರ ಲಿಂಬೆ. ಅಲ್ಲಿಂದ ಹೊರಟ ಚಿಗುರು ನೆಟ್ಟಗೆ ಏರಿ, ಮೇಲಿನ ಕಸಿ ಕೊಂಬೆಯ ಊಟ ಕಿತ್ತುಕೊಳ್ಳುತ್ತದೆ. ಮನೆಯವರು ಗಿಡ ಎಷ್ಟು ಚೆನ್ನಾಗಿ ಬಂತು ಎಂದು ಖುಷಿಪಡುತ್ತಿರುತ್ತಾರೆ! ಅಂಥ ಚಿಗುರನ್ನು ಬೆರಳುದ್ದ ಇರುವಾಗಲೇ ಮುರಿದು ತೆಗೆಯಿರಿ. ದಪ್ಪಗಾಗಿದ್ದರೆ ಬುಡಕ್ಕೇ ಕತ್ತರಿಸಿ, ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ. ಗಂಟಿನ ಮೇಲಿನದೆಲ್ಲ ಒಣಗಿಹೋಗಿದ್ದರೆ ಮಾತ್ರ ಹೊಸ ಗಿಡ ತನ್ನಿ. ಉಳಿದದ್ದರಲ್ಲಿ ನೀವು ಬಯಸಿದ ಕಾಯಿ ಬಿಡುವುದಿಲ್ಲ.

ಹೊಸದನ್ನು ನೆಡುವಾಗ ಗಂಟು ಮಣ್ಣಿಗಿಂತ ಒಂದು ಗೇಣು ಮೇಲಿರಲಿ. ನಮ್ಮ ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಬೊಡ್ಡೆಗೆ ನೀರು ತಾಗುತ್ತಲೇ ಇದ್ದರೆ ತೊಗಟೆ ಕೊಳೆತು ಅಂಟು ಸೋರುತ್ತದೆ, ಗಿಡ ಉಳಿಯುವುದು ಕಷ್ಟ. ಈ ವಿಷಯದಲ್ಲಿ ನನಗೆ ಭಯ ಜಾಸ್ತಿಯೇ. ಗಂಟು ಮುಚ್ಚದ ಹಾಗೆ ಬೊಡ್ಡೆಯ ಸುತ್ತ ಮಣ್ಣು ಏರಿಸಿ, ಪಾತಿಯನ್ನು ದೂರಕ್ಕೆ ಮಾಡಿ ಎಂದೇ ಹೇಳುತ್ತೇನೆ.

ಇನ್ನು ಮೊಳೆ ಹೊಡೆದರೆ ಕಾಯಿ ಬಿಡುತ್ತದೆ, ಉಪ್ಪು ಸುರಿದರೆ ಹೂವಾಗುತ್ತದೆ ಎನ್ನುವವರನ್ನು ಹಿತ್ತಲಿಗೇ ಬಿಡಬೇಡಿ. ಮೊಳೆಯ ಗಾಯದಿಂದ ರೋಗ ಒಳಗೆ ಹೋಗುತ್ತದೆ. ಉಪ್ಪಿನಿಂದ ಬೇರು ಸುಡುತ್ತದೆ.

ಪ್ರಶ್ನೆ: ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತಿದೆ, ಎಲೆಗಳೂ ಮಾಯವಾಗುತ್ತಿವೆ. (ಗದಗ)

ಉತ್ತರ: ಅದು ಲಿಂಬೆ ಚಿಟ್ಟೆಯ ಹುಳ. ಕೈಯಿಂದ ಆರಿಸಿ ತೆಗೆಯಿರಿ. ನಾಲ್ಕು ಹುಳಕ್ಕೆ ವಿಷ ಹೊಡೆಯಬೇಡಿ.

ಪ್ರಶ್ನೆ: ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಮುಳ್ಳಿಲ್ಲದ ಲಿಂಬೆ ಇದೆಯೇ? (ಹಾವೇರಿ)

ಉತ್ತರ: ಬೀಜವಿಲ್ಲದ ಪರ್ಷಿಯನ್ ಲಿಂಬೆಗೆ ಮುಳ್ಳು ತೀರಾ ಕಡಿಮೆ. ಕಸಿ ಗಂಟು ನೋಡಿಯೇ ಕೊಳ್ಳಿ.