ಬರ್ ಅನ್ನುವ ಹಳೇ ಸ್ಪೀಕರ್ ಎಸೆಯುವ ಮೊದಲು ಒಮ್ಮೆ ಬೆರಳಿಟ್ಟು ನೋಡಿ

ನಿಮ್ಮ ಪ್ರಶ್ನೆಯಲ್ಲಿ ಸೌಂಡ್‌ಬಾರ್ ಇದೆ, 5.1 ಸೆಟ್ (ಐದು ಸ್ಪೀಕರ್, ಜೊತೆಗೆ ಬಾಸಿಗೆ ಒಂದು ಸಬ್‌ವೂಫರ್) ಇದೆ, ಬಜೆಟ್ ಕಡಿಮೆ ಅನ್ನುವ ಮಾತೂ ಇದೆ. ನಾನು ಅದನ್ನೆಲ್ಲ ದಾಟಿ ಕೊನೆಯ ಸಾಲಿನಲ್ಲಿ ನಿಂತುಬಿಟ್ಟೆ: "ಮನೆಯಲ್ಲಿರೋ ಹಳೇ ಜೋಡಿ ಸ್ಪೀಕರ್ ಬರ್ ಅಂತಿವೆ, ಅಂಚು ಹರಿದಿದೆ. ಅವನ್ನು ತೆಗೆದುಹಾಕಿ ಹದಿನೈದು ವರ್ಷ ಬಾಳಿಕೆ ಬರೋ ಒಂದು ಸೆಟ್ ತಗೋಬೇಕು. ಯಾವುದು?"

ತೆಗೆದುಹಾಕಬೇಡಿ. ಈ ಉತ್ತರ ಓದಿ ಮುಗಿಸುವ ತನಕವಾದರೂ ಬೇಡ.

ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿದ್ದೆ. ಮೊದಲು ಯಾರನ್ನಾದರೂ ಕೇಳೋಣ ಅನ್ನುವ ನಿಮ್ಮ ಬುದ್ಧಿ ನನಗಿರಲಿಲ್ಲ, ಅಷ್ಟೇ.

ನನ್ನ ಹತ್ತಿರ ಇದ್ದದ್ದು ಚಿಕ್ಕಪ್ಪ ಕೊಟ್ಟ ಜೋಡಿ. ಮರದ ದೊಡ್ಡ ಪೆಟ್ಟಿಗೆ, ಅದರಲ್ಲಿ ದಪ್ಪ ಸದ್ದಿಗೆ ಹತ್ತು ಇಂಚಿನ ವೂಫರ್, ಮೇಲೆ ತೆಳು ಸದ್ದಿಗೆ ಪುಟ್ಟ ಟ್ವೀಟರ್. ಒಂದೊಂದನ್ನೂ ತಬ್ಬಿಕೊಂಡು ಎತ್ತಬೇಕು. ಜೊತೆಗೆ ಸ್ಪೀಕರಿಗೆ ಬಲ ಕೊಡುವ ಒಂದು ಆಂಪ್ಲಿಫೈಯರ್, ಅಂದರೆ ಆಂಪ್: ಮುಂದೆ ತಿರುಗಿಸುವ ನಾಲ್ಕು ಗುಂಡಿ, ಹಿಂದೆ ಕೆಂಪು-ಬಿಳಿ ಪಿನ್ ಹಾಕುವ ತೂತುಗಳ ಸಾಲು. ರಿಮೋಟ್ ಗಿಮೋಟ್ ಇಲ್ಲ. ಹನ್ನೊಂದು ವರ್ಷ ಅದು ನನ್ನನ್ನು ಏನೂ ಕೇಳಲಿಲ್ಲ. ಒಂದು ಸಂಜೆ ತಬಲದ ಎಡ ಗುಮ್ ಅಂದಾಗಲೆಲ್ಲ ಹರಿದ ಕಾಗದ ಅಲುಗಾಡಿದ ಹಾಗೆ ಬರ್, ಬರ್ ಅಂತ ಶುರುವಾಯಿತು.

ಮುಂದಿನ ಬಟ್ಟೆಯ ಮುಸುಕು ಕಿತ್ತು ನೋಡಿದೆ. ವೂಫರಿನಲ್ಲಿ ಅದುರಿ ಸದ್ದು ಮಾಡುವ ಕೋನ್ ಸುತ್ತ ಬಳೆಯ ಹಾಗೆ ಒಂದು ಮೆತ್ತನೆಯ ಪಟ್ಟಿ ಇರುತ್ತದಲ್ಲ, ಅದು ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ಮುಟ್ಟಿದೆ. ಬೆರಳು ಸೀದಾ ಒಳಗೆ ಹೋಯಿತು. ಹೊರಗೆ ತೆಗೆದರೆ ತುದಿಗೆ ಅಂಟಂಟಾದ ಕಪ್ಪು ಪುಡಿ, ಒರೆಸಿದರೂ ಹೋಗದು. ಇನ್ನೊಂದು ಸ್ಪೀಕರಿನದೂ ಅದೇ ಗತಿ. ಜೋರಾಗಿ ಹಾಕಿ ಹಾಕಿ ನಾನೇ ಹಾಳು ಮಾಡಿಬಿಟ್ಟೆ ಅಂದುಕೊಂಡೆ. ಚಿಕ್ಕಪ್ಪನಿಗೆ ಹೇಳಲು ಮುಖವಿರಲಿಲ್ಲ. ಆ ವಾರವೇ ಗುಜರಿಯವನನ್ನು ಕರೆದೆ. ಅವನು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ, ವೂಫರಿನ ಹಿಂದಿದ್ದ ಅಯಸ್ಕಾಂತದ ತೂಕ ನೋಡಿ ಖುಷಿಪಟ್ಟ. ಸ್ಪೀಕರೇ ಇಲ್ಲದ ಮೇಲೆ ಆಂಪ್ ಯಾಕೆ ಅಂತ ಅದನ್ನೂ ತಕ್ಕಡಿಗೆ ಹಾಕಿದೆ.

ಇಲ್ಲಿ ಸ್ವಲ್ಪ ಉದ್ದ ಕೊರೆಯುತ್ತೇನೆ, ಸಹಿಸಿಕೊಳ್ಳಿ. ನನ್ನ ಅಷ್ಟೂ ನಷ್ಟ ಹುಟ್ಟಿದ್ದು ಆ ಹತ್ತು ನಿಮಿಷದಲ್ಲಿ.

ಆ ಪಟ್ಟಿಗೆ ಸರೌಂಡ್ ಅನ್ನುತ್ತಾರೆ. ಕೋನ್ ಹಿಂದೆ ಮುಂದೆ ಓಡಾಡುವಾಗ ಅದು ಅತ್ತಿತ್ತ ವಾಲದ ಹಾಗೆ ನಡುವಿನಲ್ಲಿ ಹಿಡಿದಿಡುವುದು ಅದರ ಕೆಲಸ. ಹಳೆಯ ಎಷ್ಟೋ ಸ್ಪೀಕರುಗಳಲ್ಲಿ ಅದನ್ನು ಪಾಲಿಯುರೆಥೇನ್ ಫೋಮ್‌ನಿಂದ ಮಾಡುತ್ತಿದ್ದರು. ಹಗುರ, ಮೆತ್ತಗೆ, ಬಾಸ್ ಚೆನ್ನಾಗಿ ಬರುತ್ತದೆ. ಆದರೆ ಗಾಳಿಯ ತೇವಕ್ಕೆ, ಬೆಳಕಿಗೆ ಆ ಫೋಮ್ ನಿಧಾನವಾಗಿ ಪುಡಿಯಾಗುತ್ತದೆ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಅದರ ಆಯಸ್ಸು. ಮೆಲ್ಲಗೆ ಹಾಕಿಕೊಂಡು ಕೇಳಿದರೂ ತಪ್ಪಿದ್ದಲ್ಲ. ಒಮ್ಮೆಯೂ ಹಚ್ಚದೆ ಅಟ್ಟದಲ್ಲಿ ಇಟ್ಟರೂ ತಪ್ಪಿದ್ದಲ್ಲ. ಅಂದರೆ ನಾನು ಏನನ್ನೂ ಹಾಳು ಮಾಡಿರಲಿಲ್ಲ! ಕೋನ್ ಚೆನ್ನಾಗಿತ್ತು. ಕೋನನ್ನು ಅದುರಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಚೆನ್ನಾಗಿತ್ತು. ಅಯಸ್ಕಾಂತ ಫೆರೈಟಿನದು, ಮೊಮ್ಮಕ್ಕಳ ಕಾಲಕ್ಕೂ ಅದರ ಬಲ ಕುಂದುವುದಿಲ್ಲ. ಟ್ವೀಟರ್, ಪೆಟ್ಟಿಗೆ, ವೂಫರಿಗೂ ಟ್ವೀಟರಿಗೂ ಸದ್ದು ಹಂಚುವ ಒಳಗಿನ ಕ್ರಾಸ್‌ಓವರ್, ಯಾವುದಕ್ಕೂ ಏನೂ ಆಗಿರಲಿಲ್ಲ. ಹೋಗಿದ್ದು ಎರಡು ಫೋಮ್ ಬಳೆ. ಅವು ಬಿಡಿಯಾಗಿ ಸಿಗುತ್ತವೆ. ಅಂಟಿಸಲು ಒಂದು ಮಧ್ಯಾಹ್ನ, ಒಣಗಲು ಒಂದು ರಾತ್ರಿ. ಅಷ್ಟೇ ಕೆಲಸ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಅಂತಾರಲ್ಲ. ನಾನು ಅದರ ಜೊತೆಗೆ ಕಿವಿಯನ್ನೂ ಕೊಯ್ದು ಗುಜರಿಗೆ ಕೊಟ್ಟಿದ್ದೆ. ಆಂಪಿಗೆ ನೆಗಡಿ ಕೂಡ ಆಗಿರಲಿಲ್ಲ.

ಆಮೇಲೆ ಮಾಡಿದ್ದು ನೀವು ಈಗ ಮಾಡಹೊರಟಿರುವುದನ್ನೇ. ಒಂದೇ ಸಲ ತಗೊಂಡು ನಿಶ್ಚಿಂತೆಯಾಗಿರೋಣ ಅಂತ ಇದ್ದ ದುಡ್ಡನ್ನೆಲ್ಲ ಒಂದು 5.1 ಸೆಟ್ಟಿಗೆ ಸುರಿದೆ. ಕಂಪನಿಯ ಹೆಸರು ಬೇಡ ಬಿಡಿ. ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿತ್ತು. ನೀಲಿ ದೀಪದ ಸಬ್‌ವೂಫರ್, ಅದರೊಳಗೇ ಆಂಪ್, ಸುತ್ತ ಇಡಲು ಐದು ಪುಟ್ಟ ಪ್ಲಾಸ್ಟಿಕ್ ಸ್ಪೀಕರ್. ಮೂರು ವರ್ಷ ಏಳು ತಿಂಗಳು ಹಾಡಿತು. ಒಂದು ದಿನ ಸ್ವಿಚ್ ಹಾಕಿದರೆ ದೀಪ ಮಿಣಮಿಣ ಅನ್ನುತ್ತಿದೆ, ಸದ್ದಿಲ್ಲ.

ರಿಪೇರಿಯವರು ಬಿಚ್ಚಿ ತೋರಿಸಿದರು. ಗಾಳಿಯಾಡದ ಪೆಟ್ಟಿಗೆಯೊಳಗೆ, ಅದುರುವ ವೂಫರಿನ ಬೆನ್ನಿಗೇ ಆಂಪಿನ ಬೋರ್ಡ್. ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಗಳು, ಕೆಪಾಸಿಟರುಗಳು, ಅವುಗಳ ತಲೆ ಉಬ್ಬಿತ್ತು. "ಇವನ್ನ ಬದಲಾಯಿಸಬಹುದು ಸಾರ್, ಆದ್ರೆ ಕಂಟ್ರೋಲ್ ಚಿಪ್ಪೇ ಹೋಗಿದೆ. ಈ ಬೋರ್ಡ್ ಈಗ ಬರೋದಿಲ್ಲ" ಅಂದರು. ಸರಿ, ಸ್ಪೀಕರುಗಳು ಚೆನ್ನಾಗಿವೆಯಲ್ಲ, ಬೇರೆ ಆಂಪಿಗೆ ಹಾಕಿಕೊಳ್ಳುತ್ತೇನೆ ಅಂದೆ. ವೈರಿನ ತುದಿ ನೋಡಿದರೆ ಆ ಸೆಟ್ಟಿಗೆ ಮಾತ್ರ ಕೂರುವ ಪ್ಲಗ್. ಕತ್ತರಿಸಿ ಹಾಕಿದರೂ ಅವು ಮೂರು ಓಮಿನವು (ಓಮ್ ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ, ಕಡಿಮೆಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು), ಮಾಮೂಲಿ ಆಂಪಿಗೆ ಭಾರ. ಅದರ ಮೇಲೆ ಸಬ್‌ವೂಫರ್ ಇಲ್ಲದೆ ಹಚ್ಚಿದರೆ ತಗಡಿನ ಡಬ್ಬದೊಳಗೆ ಕೂತು ಯಾರೋ ಹಾಡಿದ ಹಾಗಿರುತ್ತದೆ. ಸತ್ತದ್ದು ಒಂದು ಚಿಪ್, ಅದು ಜೀವಂತ ಇದ್ದ ಆರು ಸ್ಪೀಕರನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮೊದಲನೆಯದರಲ್ಲಿ ಕೆಟ್ಟ ಭಾಗವನ್ನು ಬದಲಾಯಿಸಬಹುದಿತ್ತು, ನಾನು ಎಸೆದೆ. ಎರಡನೆಯದರಲ್ಲಿ ಬದಲಾಯಿಸೋಣ ಅಂತ ಹೋದೆ, ದಾರಿಯೇ ಇರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಬೇಜಾರಾಗಬೇಡಿ. ಹದಿನೈದು ವರ್ಷ ಕೆಡದ ಸೆಟ್ ಯಾವುದು ಅಂತ ಹುಡುಕಿದರೆ ಸಿಗುವುದು ಜಾಹೀರಾತು ಮಾತ್ರ. ಎಲ್ಲವೂ ಕೆಡುತ್ತದೆ. ಕೆಟ್ಟದ್ದನ್ನಷ್ಟೇ ಬಿಚ್ಚಿ ತೆಗೆದು ಇನ್ನೊಂದನ್ನು ಹಾಕಲು ಬರುತ್ತದೆಯಾ, ಅದನ್ನು ನೋಡಿ ತಗೊಳ್ಳಿ.

ಹಾಗೆ ನೋಡಿದರೆ 5.1 ಮೊದಲೇ ಬಿದ್ದುಹೋಗುತ್ತದೆ. ಸಣ್ಣ ಬಜೆಟ್ಟನ್ನು ಆರು ಸ್ಪೀಕರಿಗೆ ಹಂಚಿದರೆ ಆರೂ ಬಡಕಲು. ಎರಡಕ್ಕೇ ಹಾಕಿ. ಸೌಂಡ್‌ಬಾರ್? ಟಿವಿಯ ಮಾತು ಸ್ಪಷ್ಟವಾಗಿ ಕೇಳಿಸಲು ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ. ಆದರೆ ಆಂಪ್, ಸ್ಪೀಕರ್, ಬ್ಲೂಟೂತ್ ಎಲ್ಲ ಒಂದೇ ಕೋಲಿನೊಳಗೆ. ನನ್ನ ಎರಡನೆಯ ಕಥೆಯದೇ ತಮ್ಮ ಅದು.

ಇನ್ನೊಂದು ವಿಷಯ. ಸದ್ದು ಮಾಡುವ ಭಾಗಗಳಿಗಿಂತ ಬೇಗ ಹಳತಾಗುವುದು ಜೋಡಿಸುವ ಕಿಂಡಿಗಳು. ಐಫೋನಿನ 30 ಪಿನ್ ಕಿಂಡಿ 2012ರಲ್ಲಿ ಲೈಟ್ನಿಂಗ್ ಆಯಿತು, 2023ರಲ್ಲಿ ಅದೂ ಹೋಗಿ ಯುಎಸ್‌ಬಿ-ಸಿ ಬಂತು. ಫೋನ್ ಕೂರಿಸುವ 30 ಪಿನ್ನಿನ ಡಾಕ್ ಇಟ್ಟುಕೊಂಡ ಸ್ಪೀಕರುಗಳ ನೆತ್ತಿಯ ಮೇಲೆ ಈಗ ಏನೂ ಕೂರುವುದಿಲ್ಲ. ಕೆಂಪು-ಬಿಳಿ ಆರ್‌ಸಿಎ ತೂತನ್ನು ನೋಡಿ: ಕ್ಯಾಸೆಟ್ ಡೆಕ್ ಅದಕ್ಕೇ ಸೇರುತ್ತಿತ್ತು, 1982ರಲ್ಲಿ ಬಂದ ಸಿ.ಡಿ. ಪ್ಲೇಯರೂ ಅದಕ್ಕೇ, ಈಗಿನ ಬ್ಲೂಟೂತ್ ರಿಸೀವರೂ ಅದಕ್ಕೇ. ಆದ್ದರಿಂದ ಬ್ಲೂಟೂತ್ ಆಂಪಿನೊಳಗೇ ಇರಬೇಕು ಅಂತ ಹಟ ಹಿಡಿಯಬೇಡಿ. ಬೆಂಕಿಪೊಟ್ಟಣದಷ್ಟು ರಿಸೀವರ್ ಹೊರಗೆ ಸಿಗಿಸಿಕೊಳ್ಳಿ. ಹಳತಾದರೆ ಅದೊಂದನ್ನು ಬದಲಾಯಿಸಿದರಾಯಿತು.

ಆಂಪ್ ಎರಡು ಚಾನೆಲ್ಲಿನದು ಸಾಕು. ಹಿಂದೆ ಬರಿ ತಾಮ್ರದ ವೈರ್ ತೂರಿಸಿ ತಿರುಪುವ ಟರ್ಮಿನಲ್ ಇರಬೇಕು. ಇದಕ್ಕೆ ನಾನು ರಾಜಿಯಾಗುವುದಿಲ್ಲ. ಒಂದೊಂದು ಚಾನೆಲ್ಲಿಗೆ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ಪವರ್, 30-40 ವ್ಯಾಟ್ ಇದ್ದರೆ ಸಾಮಾನ್ಯ ಕೋಣೆಗೆ ಧಾರಾಳ. ಪಿಎಂಪಿಒ ಲೆಕ್ಕಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ, ಬರೆದವರ ಧೈರ್ಯ ಎಷ್ಟೋ ಅಷ್ಟು. ನಿಜವಾಗಿ ಸುಮ್ನೆ ಕೂತು ಹಾಡು ಕೇಳುವಾಗ ಸರಾಸರಿ ಖರ್ಚಾಗುವುದು ಒಂದು ವ್ಯಾಟಿನ ಆಸುಪಾಸು. ವ್ಯಾಟಿಗಿಂತ ಸ್ಪೀಕರಿನ ಸೆನ್ಸಿಟಿವಿಟಿ ನೋಡಿ, ಅಂದರೆ ಕೊಟ್ಟ ಪವರಿಗೆ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಅನ್ನುವುದು. ಅಲ್ಲಿ 3 ಡೆಸಿಬೆಲ್ ಜಾಸ್ತಿ ಇದ್ದರೆ ಅಷ್ಟೇ ಸದ್ದಿಗೆ ಅರ್ಧ ಪವರ್ ಸಾಕು. 84 ಇರುವ ಸ್ಪೀಕರ್ 40 ವ್ಯಾಟ್ ಕೇಳುವ ಜಾಗದಲ್ಲಿ 90 ಇರುವುದು 10 ವ್ಯಾಟಿಗೆ ಹಾಡುತ್ತದೆ. ಎಂಟು ಓಮಿನದಾದರೆ ಯಾವ ಆಂಪೂ ಗೊಣಗುವುದಿಲ್ಲ. ಹೊಸ ಸ್ಪೀಕರ್ ತಗೊಳ್ಳುವುದಾದರೆ ಸರೌಂಡ್ ರಬ್ಬರಿನದೇ ಇರಲಿ, ಅದು ಫೋಮಿನ ಹಾಗೆ ಪುಡಿಯಾಗುವುದಿಲ್ಲ.

ಸಣ್ಣ ಆಂಪ್ ಸ್ಪೀಕರನ್ನು ಸುಡುವುದಿಲ್ಲ ಅನ್ನುವವರಿದ್ದಾರೆ. ಸುಡುತ್ತದೆ. ಶಕ್ತಿ ಮೀರಿ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ, ಮೊದಲು ಹೋಗುವುದು ಟ್ವೀಟರ್. ಸದ್ದು ಕರಕರ ಅನ್ನಲು ಶುರುವಾದರೆ ಗುಂಡಿ ಇಳಿಸಿ.

ಆಂಪಿನ ಆಯಸ್ಸು ನಿಮ್ಮ ಕೈಯಲ್ಲೇ ಇದೆ. ಅದರಲ್ಲಿ ಮೊದಲು ಮುದಿಯಾಗುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು, ಮುದಿಯಾಗಿಸುವುದು ಬಿಸಿ. ಸುತ್ತಲಿನ ಬಿಸಿ 10 ಡಿಗ್ರಿ ಇಳಿದರೆ ಅವುಗಳ ಬಾಳಿಕೆ ಸುಮಾರು ಎರಡರಷ್ಟು ಅನ್ನುವುದು ರಿಪೇರಿಯವರ ರೂಢಿಯ ಲೆಕ್ಕ. ಬಾಗಿಲು ಹಾಕಿದ ಶೋಕೇಸಿನೊಳಗೆ ಇಡಬೇಡಿ. ಮೇಲೆ ಒಂದು ಗೇಣು ಜಾಗ ಬಿಡಿ. ಚೆಂದ ಕಾಣಲಿ ಅಂತ ಕಸೂತಿ ಬಟ್ಟೆ ಹೊದಿಸುವುದಂತೂ ಬೇಡವೇ ಬೇಡ. ವರ್ಷಗಳಾದ ಮೇಲೆ ವಾಲ್ಯೂಮ್ ಗುಂಡಿ ತಿರುಗಿಸುವಾಗ ಕರ್ ಕರ್ ಅಂದರೆ ಗಾಬರಿ ಬೇಡ, ಒಳಗೆ ಧೂಳು ಕೂತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವೈರಿಗೆ ಜಾಸ್ತಿ ಸುರಿಯಬೇಡಿ. ನಾಲ್ಕೈದು ಮೀಟರಿಗೆ ಒಂದೂವರೆ ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವೈರ್ ಸಾಕು.

ಈಗ ನನ್ನ ಮನೆಯಲ್ಲಿ ಹಾಡುತ್ತಿರುವುದು ಮೂರನೆಯದು. ಸೆಕೆಂಡ್ ಹ್ಯಾಂಡ್ ಆಂಪ್, ಸೆಕೆಂಡ್ ಹ್ಯಾಂಡ್ ಸ್ಪೀಕರ್. ಮಾರಿದವರು "ಇವು ಹರಿದಿವೆ, ಪೆಟ್ಟಿಗೆಗೆ ಬೇಕಾದರೆ ತಗೊಳ್ಳಿ" ಅಂದರು. ನನ್ನಂಥವರೇ ಇನ್ನೊಬ್ಬರು! ನಾನು ಬಾಯಿ ಬಿಡಲಿಲ್ಲ. ಆ ಪಾಪ ಸ್ವಲ್ಪ ಇದೆ.

ಫೋಮ್ ತರಿಸುವಾಗಲೂ ಒಂದು ಸಲ ಬೇಸ್ತು ಬಿದ್ದೆ. "ಹತ್ತು ಇಂಚಿನದು" ಅಂತಷ್ಟೇ ಹೇಳಿದ್ದೆ. ಬಂದದ್ದು ಹತ್ತು ಇಂಚಿನದೇ, ಆದರೆ ಒಳಗಿನ ಅಳತೆ ಕೋನಿಗೆ ಕೂರಲಿಲ್ಲ. ಹೊರ ಅಂಚು, ಕೋನಿನ ಅಗಲ, ಎರಡನ್ನೂ ಅಳೆದು ಹೇಳಿ. ಹಳೇ ಫೋಮನ್ನೂ ಅಂಟನ್ನೂ ಮೊಂಡು ಚಾಕುವಿನಲ್ಲಿ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿದೆ. ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಟ್ಟೆ. ಆಮೇಲೆ ಹೊರಗಿನ ಚೌಕಟ್ಟಿಗೆ. ಅಂಟು ಹಸಿ ಇರುವಾಗಲೇ ಎರಡೂ ಹೆಬ್ಬೆರಳಿನಿಂದ ಕೋನನ್ನು ಮೆಲ್ಲಗೆ ಒಳಗೆ ಒತ್ತಿ, ಬಿಟ್ಟು, ಕಿವಿ ಹತ್ತಿರ ಇಟ್ಟು ಕೇಳಬೇಕು. ಎಲ್ಲೋ ಸಣ್ಣಗೆ ಸರ್ ಅಂದರೆ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತಿದೆ ಅಂತ. ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಬೇಕು. ಏನೂ ಕೇಳಿಸದ ಜಾಗ ಸಿಕ್ಕಿದ ಕೂಡಲೇ ಕೈ ತೆಗೆದು ಎದ್ದು ಹೋಗಬೇಕು. ಇನ್ನೂ ಒಂಚೂರು ಅಂತ ಕೈ ಹಾಕಿದಿರೋ, ಕೆಟ್ಟಿತು. ಒಂಬತ್ತು ವರ್ಷವಾಯಿತು, ಆಂಪಿನೊಳಗಿನ ಒಂದು ರಿಲೇ (ತಾನೇ ಬಿದ್ದು ಏಳುವ ಸ್ವಿಚ್) ಬಿಟ್ಟರೆ ಏನನ್ನೂ ಮುಟ್ಟಿಲ್ಲ.

ಇನ್ನು ನಿಮ್ಮ ಸ್ಪೀಕರಿಗೆ ಬರೋಣ. ಮೊದಲಿಗೆ ಹಾಡು ನಿಲ್ಲಿಸಿ. ಸರೌಂಡ್ ಹರಿದ ಮೇಲೂ ಹಚ್ಚುತ್ತಿದ್ದರೆ ಕೋನ್ ವಾಲಾಡಿ ಕಾಯಿಲ್ ಉಜ್ಜಿಕೊಳ್ಳುತ್ತದೆ, ಆಗ ನಿಜವಾಗಿಯೂ ಹಾಳಾಗುತ್ತದೆ. ಮುಸುಕು ತೆಗೆದು ಅಂಚು ಮುಟ್ಟಿ. ಕಪ್ಪು ಪುಡಿ ಬಂತೋ, ಶುಭ ಸಮಾಚಾರ, ಫೋಮ್ ಅಷ್ಟೇ ಹೋಗಿದೆ. ಕೋನಿನ ನಡುವಿನ ಎರಡೂ ಬದಿಗೆ ಬೆರಳಿಟ್ಟು ಸಮವಾಗಿ ಒಳಗೆ ಒತ್ತಿ ನೋಡಿ, ಕೆರೆಯುವ ಸದ್ದು ಬರಬಾರದು. ವೈರ್ ಕಳಚಿ, 1.5 ವೋಲ್ಟಿನ ಮಾಮೂಲಿ ಸೆಲ್ಲನ್ನು ಹಿಂದಿನ ಎರಡು ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಕೋನ್ ಜಿಗಿದರೆ ಕಾಯಿಲ್ ಬದುಕಿದೆ. ಜಿಗಿಯದಿದ್ದರೆ, ಇಲ್ಲಾ ಒತ್ತಿದಾಗ ಕೆರೆದರೆ, ಆಗ ಮಾತ್ರ ಹೊಸ ಜೋಡಿಯ ಯೋಚನೆ ಮಾಡಿ. ಆಗಲೂ ಪೆಟ್ಟಿಗೆ ಎಸೆಯುವ ಮೊದಲು ವೂಫರ್ ಬಿಚ್ಚಿ ಹಿಂದೆ ಬರೆದಿರುವ ನಂಬರ್ ನೋಡಿಕೊಳ್ಳಿ, ಬಿಡಿ ವೂಫರ್ ಸಿಕ್ಕರೂ ಸಿಗಬಹುದು.

ಅಂದ ಹಾಗೆ ನಿಮ್ಮ ಹತ್ತಿರ ಆಂಪ್ ಇದೆಯೋ ಇಲ್ಲವೋ ಹೇಳಲೇ ಇಲ್ಲ. ಇದ್ದರೆ ಅದರ ಹಿಂಭಾಗದ ಫೋಟೋ ಹಾಕಿ, ಯಾವ ತೂತಿಗೆ ಏನು ಅಂತ ಹೇಳುತ್ತೇನೆ.