ತೀರ್ಥಹಳ್ಳಿ ಬಸ್ಸಿಗೆ 2400 ಗಂಟೆ

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಮಳೆಗಾಲದ ಒಂದು ಶನಿವಾರ ತೀರ್ಥಹಳ್ಳಿ ಕಡೆಯಿಂದ ಅಪ್ಪ, ಅಮ್ಮ, ಮಗಳು ಶಿವಮೊಗ್ಗಕ್ಕೆ ನನ್ನ ಹತ್ತಿರ ಬಂದಿದ್ದರು, ಮಗಳ ಲೆಕ್ಕದ ತೊಂದರೆ ಹೇಳಿಕೊಂಡು. ಹುಡುಗಿ ಐದನೇ ಕ್ಲಾಸು. ಇಲ್ಲಿ ಪುಟ್ಟಿ ಎನ್ನೋಣ. ಗಾಜನೂರಿನ ನವೋದಯ ಶಾಲೆಗೆ ಪರೀಕ್ಷೆ ಕಟ್ಟಿದ್ದಳು. ತಿಂಗಳಿಂದ, ರಾತ್ರಿ ಪುಸ್ತಕ ತೆಗೆದರೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಎಂದಿದ್ದರು.

"ಮಗ್ಗಿ ಇಪ್ಪತ್ತರವರೆಗೂ ಬಾಯಿಪಾಠ ಮೇಡಂ. ವಾಕ್ಯದ ಲೆಕ್ಕ ಕೊಟ್ರೆ ಮಾತ್ರ ಎಡವಟ್ಟು ಮಾಡ್ತದೆ," ಎಂದರು ಅಪ್ಪ.

ಅವರ ಗಾಬರಿ ಸುಮ್ನೆ ಅಲ್ಲ. ಆರನೇ ಕ್ಲಾಸಿನ ಈ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. 80 ಪ್ರಶ್ನೆ, 2 ಗಂಟೆ. ಪ್ರಶ್ನೆಗೆ ಒಂದೂವರೆ ನಿಮಿಷ ಅಷ್ಟೇ. ಅದರಲ್ಲಿ 20 ಗಣಿತದ್ದು. ಅದಕ್ಕೇ ಅಪ್ಪ ದಿನಾ ರಾತ್ರಿ ಮೊಬೈಲಿನಲ್ಲಿ ಟೈಮರ್ ಇಟ್ಟು 30 ಲೆಕ್ಕ ಮಾಡಿಸುತ್ತಿದ್ದರು.

ನಾನು ಒಂದು ಲೆಕ್ಕ ಬರೆದುಕೊಟ್ಟೆ. 60 ಕಿಲೋಮೀಟರ್ ದೂರದ ತೀರ್ಥಹಳ್ಳಿಗೆ ಬಸ್ಸು ಗಂಟೆಗೆ 40 ಕಿಲೋಮೀಟರಿನಂತೆ ಹೋದರೆ ಎಷ್ಟು ಹೊತ್ತು ಬೇಕು? ಪುಟ್ಟಿ ಕೆಂಪು ಪೆನ್ನಿನಲ್ಲಿ 60ಕ್ಕೆ ಒಂದು ಗೆರೆ, 40ಕ್ಕೆ ಒಂದು ಗೆರೆ ಎಳೆದಳು. ಬೇರೆ ಯಾವ ಪದದ ಮೇಲೂ ಪೆನ್ನು ನಿಲ್ಲಲಿಲ್ಲ. ಗುಣಿಸಿ 2400 ಎಂದು ಬರೆದು ಅಪ್ಪನ ಮುಖ ನೋಡಿದಳು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ. "2400 ಗಂಟೆ ಅಂದ್ರೆ 100 ದಿನ ಪುಟ್ಟಿ. ಇವತ್ತು ಬಸ್ ಹತ್ತಿದ್ರೆ ಮನೆಗೆ ಯಾವಾಗ ಹೋಗ್ತೀಯ?"

ಒಂದು ಕ್ಷಣ ಸುಮ್ಮನಿದ್ದು, ಕಿಸಕ್ಕನೆ ನಕ್ಕಳು. "ಒಂದೂವರೆ ಗಂಟೆ ಸಾಕು ಮಿಸ್." ಲೆಕ್ಕ ಅವಳಿಗೆ ಗೊತ್ತಿತ್ತು. ಕಾಗದದ ಮೇಲಿನ ಬಸ್ಸು ತಾನು ಹತ್ತಿ ಬಂದ ಬಸ್ಸೇ ಅಂತ ಮಾತ್ರ ಗೊತ್ತಿರಲಿಲ್ಲ.

ಪುಸ್ತಕದ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿತ್ತು. ಟ್ಯೂಷನ್ನಿನಲ್ಲಿ ಹೇಳಿಕೊಟ್ಟದ್ದಂತೆ. 'ಒಟ್ಟು' ಇದ್ದರೆ ಕೂಡು, 'ಉಳಿದ' ಇದ್ದರೆ ಕಳೆ, 'ತಲಾ' ಇದ್ದರೆ ಭಾಗಿಸು. ಮಕ್ಕಳನ್ನು ಕೆಡಿಸುವ ಚೀಟಿ ಇದು ಎಂದು ನನ್ನ ಅಭಿಪ್ರಾಯ. 5 ಜನರಿಗೆ ತಲಾ 12 ರೂಪಾಯಿ ಕೊಟ್ಟರೆ ಖರ್ಚೆಷ್ಟು ಅಂದರೆ ಗುಣಿಸಬೇಕು, ಅಲ್ವಾ?

ಪುಟ್ಟಿ ಒಬ್ಬಳದೇ ಕತೆ ಅಲ್ಲ ಇದು. 1980ರ ಸುಮಾರಿಗೆ ಫ್ರಾನ್ಸಿನಲ್ಲಿ ಸಣ್ಣ ಮಕ್ಕಳಿಗೆ ಹೀಗೆ ಕೇಳಿದ್ದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ನಿನ ವಯಸ್ಸೆಷ್ಟು? ಬಹಳ ಮಕ್ಕಳು ಕೂಡಿಸಿ 36 ಎಂದುಬಿಟ್ಟಿದ್ದರು.

ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಕೆ.ಜಿ. ಲೆಕ್ಕದ ಕೂಲಿ. ಹಾಗಾಗಿ ಎರಡನೇ ಲೆಕ್ಕ ಅದರದ್ದೇ ಮಾಡಿದೆ. ಮೂರು ದಿನದಲ್ಲಿ ಒಟ್ಟು 96 ಕೆ.ಜಿ. ಮೊದಲ ದಿನ 28, ಎರಡನೇ ದಿನ 35. ಮೂರನೇ ದಿನ ಎಷ್ಟು? 'ಒಟ್ಟು' ಕಂಡದ್ದೇ ಮೂರನ್ನೂ ಕೂಡಿಸಿ 159 ಮಾಡಿದಳು. ಹಾಳೆ ಮಗುಚಿಟ್ಟು, "ಅಮ್ಮ ಏನು ಮಾಡಿದ್ರು, ಕತೆ ಹೇಳು" ಎಂದೆ. ಮೊದಲ ದಿನ ಕಮ್ಮಿ ಸುಲಿದರು, ಆಮೇಲೆ ಜಾಸ್ತಿ ಎನ್ನುತ್ತಾ ಅರ್ಧದಲ್ಲೇ ನಿಂತಳು. "ಮೂರೂ ದಿನ ಸೇರಿದ್ರೇ 96 ಅಲ್ವಾ ಮಿಸ್? ಒಂದೇ ದಿನ 159 ಹ್ಯಾಂಗೆ ಆಗ್ತದೆ?" 63 ಕಳೆದು 33 ಎಂದಳು. ಅಮ್ಮ ಅಲ್ಲಿಯವರೆಗೆ ಒಂದೂ ಮಾತಾಡಿರಲಿಲ್ಲ. ಮೆಲ್ಲಗೆ, "33 ಆಗ್ತದೆ, ಸರಿ," ಎಂದರು.

ಸಲಹೆ ಹೆಚ್ಚಾಗಿ ಅಪ್ಪನಿಗೇ ಕೊಟ್ಟೆ. ಒಂದು ತಿಂಗಳು ಟೈಮರ್ ಬೇಡ. ದಿನಕ್ಕೆ 30 ಬೇಡ, 3 ಲೆಕ್ಕ ಸಾಕು. ಓದಿದ ಮೇಲೆ ಪುಸ್ತಕ ಮುಚ್ಚಿ ಮನೆಮಾತಿನಲ್ಲಿ ಕತೆ ಹೇಳಲಿ. ಕೇಳಿದ್ದೇನು, ಉತ್ತರ ದೊಡ್ಡದಾಗಬೇಕೋ ಸಣ್ಣದಾಗಬೇಕೋ ಹೇಳಲಿ. ಪೆನ್ನು ಹಿಡಿಯುವುದು ಆಮೇಲೆ. ಬಂದ ಉತ್ತರವನ್ನು ಕತೆಯೊಳಗೆ ಇಟ್ಟು ನೋಡಲಿ. ವಾರಕ್ಕೊಮ್ಮೆ ಅವಳೇ ಲೆಕ್ಕ ಕಟ್ಟಲಿ, ನೀವು ಬಿಡಿಸಿ. ಚೀಟಿ ಮಾತ್ರ ಇವತ್ತೇ ಕಿತ್ತುಹಾಕಿ.

"ಇಷ್ಟು ನಿಧಾನ ಮಾಡಿದ್ರೆ ಪರೀಕ್ಷೆಲಿ ಟೈಮ್ ಸಾಕಾಗ್ತದಾ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆಯೇ. ಈಗಿನ ವೇಗದಲ್ಲಿ 30ಕ್ಕೆ ಎಷ್ಟು ಸರಿ ಬರುತ್ತಿದೆ ಎಂದು ಕೇಳಿದೆ. ಹನ್ನೊಂದೋ ಹನ್ನೆರಡೋ ಎಂದರು. ಎರಡನೇ ತಿಂಗಳಿಂದ ಟೈಮರ್ ಇಡೋಣ ಎಂದು ಒಪ್ಪಂದವಾಯಿತು.

ಐದು ವಾರ ಬಿಟ್ಟು ಬಂದರು. ಹೊಟ್ಟೆನೋವು ಎರಡು ಸಲ ಬಂದಿತ್ತಂತೆ. ಎರಡೂ ಸಲ ಅಪ್ಪ ಕದ್ದು ಟೈಮರ್ ಇಟ್ಟ ದಿನವೇ, ಅಮ್ಮನೇ ಹೇಳಿದ್ದು. ಪುಟ್ಟಿ ಅಪ್ಪನಿಗೆ ಒಂದು ಲೆಕ್ಕ ಹಾಕಿದ್ದಳು: ಕೊಟ್ಟಿಗೆಯಲ್ಲಿ 4 ದನ, 3 ಕರು, ಬೆಕ್ಕು ಎಷ್ಟು? ಅಪ್ಪ ಫೋನ್ ನೋಡುತ್ತಾ 7 ಅಂದರಂತೆ.

ಬಸ್ಸು, ಅಡಿಕೆ, ಕೂಲಿ ಲೆಕ್ಕ ಈಗ ಸಲೀಸು. ಶೇಕಡಾ ಬಂದರೆ ಇನ್ನೂ ತಡವರಿಸುತ್ತಾಳೆ. ಮುಂದಿನ ಸಲ ಹಸಿ ಅಡಿಕೆ ಒಣಗಿದರೆ ತೂಕ ಎಷ್ಟು ಇಳಿಯುತ್ತದೆ ಎಂದು ಅಮ್ಮನನ್ನೇ ಕೇಳಿಕೊಂಡು ಬಾ ಎಂದಿದ್ದೇನೆ.